ಹೋದವಳ ಊರಿಗೆ

ಗುಡಾರದ ಗೂಟ ಕೀಳುತ್ತಿದ್ದ ಡೆಲ್ಫಿನಾ ತಲೆ ಎತ್ತದೆಯೇ ಗಂಡನನ್ನು ನೋಡುತ್ತಿದ್ದಳು. ಎವರಿಸ್ತೊ ಮನೆಯಷ್ಟು ದೊಡ್ಡ ಬಂಡೆಯ ಮೇಲೆ ಹತ್ತಿ ನಿಂತು, ಫೋನನ್ನು ಆಕಾಶಕ್ಕೆ ಹಿಡಿದು, ಒಮ್ಮೆ ಆ ಕಡೆ ಒಮ್ಮೆ ಈ ಕಡೆ ತಿರುಗುತ್ತಿದ್ದ. ಕತಾವಿನ್ಯಾದ ಈ ಮರುಭೂಮಿಯಲ್ಲಿ ಸಿಗ್ನಲ್ ಸಿಗುವುದಿಲ್ಲ ಎಂದು ನಿನ್ನೆ ಸಂಜೆ ಹೇಳಿದವನೇ ಅವನು. ನನ್ನ ತಂಗಿ ಬೆಲೆನ್‌ಗೆ ಒಂದು ಮಾತು ಹೇಳಿಬಿಡುತ್ತೇನೆ ಎಂದು ಅವಳು ಅಂದಾಗ, "ಇಲ್ಲಿಂದ ದೇವರಿಗೆ ಬಿಟ್ರೆ ಇನ್ಯಾರಿಗೂ ಫೋನ್ ಹೋಗಲ್ಲ" ಎಂದು ನಕ್ಕಿದ್ದ. ಹಾಗಾದರೆ ಬೆಳಗಾಗುತ್ತಲೇ, ಕಾಫಿಯನ್ನೂ ಕುಡಿಯದೆ, ಈ ವಯಸ್ಸಿನಲ್ಲಿ ಮೊಣಕಾಲು ನೋವಿನವನು ಬಂಡೆ ಹತ್ತಿ ಯಾವ ದೇವರನ್ನು ಹುಡುಕುತ್ತಿದ್ದಾನೆ? ಅವಳು ಗೂಟವನ್ನು ಜೋರಾಗಿ ಎಳೆದಳು. ಅದು ಸಡಿಲವಾಗಿಯೇ ಇದ್ದದ್ದರಿಂದ ಹಿಂದಕ್ಕೆ ಬಿದ್ದು ಮರಳಿನಲ್ಲಿ ಕೂತುಬಿಟ್ಟಳು. ಅವನು ನೋಡಲಿಲ್ಲ. ನೋಡದೇ ಇದ್ದದ್ದೂ ಅವಳ ಲೆಕ್ಕಕ್ಕೆ ಸೇರಿತು. ಮದುವೆಯಾದ ಹೊಸದರಲ್ಲಿ ಅವಳು ಮೆಟ್ಟಿಲು ಇಳಿಯುವಾಗಲೂ ಮೊಣಕೈ ಹಿಡಿಯುತ್ತಿದ್ದವನು, ತಮ್ಮೂರು ಎನ್ಸೆನಾದವನ್ನು ಬಿಟ್ಟ ಮೇಲೆ ಅವಳು ಪಕ್ಕದಲ್ಲಿದ್ದಾಳೆ ಎಂಬುದನ್ನೇ ಮರೆತಂತೆ ಓಡಿಸುತ್ತಿದ್ದ. ಸಾನ್ ಕಿಂತಿನ್‌ನಲ್ಲಿ ಸಮುದ್ರದ ದಂಡೆಯ ಮೇಲೆ ಒಂದು ದಿನ ಇರೋಣ ಎಂದಿದ್ದ ಜಾಗದಲ್ಲಿ ಪೆಟ್ರೋಲ್ ಹಾಕಿಸಿಕೊಳ್ಳುವಷ್ಟು ಹೊತ್ತೂ ಕೆಳಗಿಳಿಯಲಿಲ್ಲ. "ಬರ್ತಾ ನೋಡೋಣ" ಅಂದ. ಬರುತ್ತಾ ಎಂದರೆ ಇಬ್ಬರೂ ಬರುತ್ತಾರೆ ಎಂದು ಅರ್ಥವೋ?

ಇಂಥ ಯೋಚನೆ ಬಂದಾಗ ಅವಳಿಗೆ ನಾಚಿಕೆಯಾಗುತ್ತಿತ್ತು. ಆದರೆ ನಾಚಿಕೆಯ ಅಡಿಯಲ್ಲಿ ಏನೋ ಒಂದು ಬಗೆಯ ಹುರುಪೂ ಇತ್ತು. ಐವತ್ತು ದಾಟುವವರೆಗೆ ಅಮ್ಮನ ಔಷಧಿ ಬಾಟಲಿ, ಹೊಲಿಗೆ ಯಂತ್ರ, ಭಾನುವಾರದ ಪೂಜೆ ಇಷ್ಟರಲ್ಲೇ ಕಳೆದವಳಿಗೆ, ಯಾರಾದರೂ ತನ್ನಿಂದ ಗುಟ್ಟು ಮುಚ್ಚಿಡುವಷ್ಟು ಮುಖ್ಯಳಾಗಿದ್ದು ಇದೇ ಮೊದಲು. ಪ್ಯಾಂಟಿನ ಅಂಚು ಮಡಿಸಿ ಹೊಲಿಸಿಕೊಳ್ಳಲು ಅವಳ ಅಂಗಡಿಗೆ ಬರುತ್ತಿದ್ದ ಲಾರಿ ಡ್ರೈವರ್ ಎವರಿಸ್ತೊ, ಮಡಿಸಬೇಕಾದ ಪ್ಯಾಂಟುಗಳೆಲ್ಲ ಮುಗಿದ ಮೇಲೂ ಬರುತ್ತಿದ್ದ. "ಮನೇಲಿ ಯಾರೂ ಇಲ್ವಾ ಹೊಲಿಯೋರು?" ಎಂದು ಅವಳು ಸೂಜಿಗೆ ದಾರ ಪೋಣಿಸುತ್ತಾ ಕೇಳಿದ್ದಳು. ಅವನು ಗೋಡೆಗೆ ನೇತುಹಾಕಿದ್ದ ಅಳತೆ ಟೇಪಿನ ಕಡೆ ನೋಡುತ್ತಾ, "ಅವಳು ಹೋಗ್ಬಿಟ್ಲು" ಅಂದಿದ್ದ. ಡೆಲ್ಫಿನಾ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು, ದೇವರು ಶಾಂತಿ ಕೊಡಲಿ ಎಂದಳು. ಅವನು ಏನೂ ಅನ್ನಲಿಲ್ಲ. ಆ ಮೌನವನ್ನು ಅವಳು ದುಃಖ ಅಂದುಕೊಂಡಳು, ಅದನ್ನೇ ಮೆಚ್ಚಿಕೊಂಡಳು. ಮದುವೆಯಾದ ಮೇಲೆ ನವೆಂಬರಿನಲ್ಲಿ, ಮನೆಯಲ್ಲಿ ಸತ್ತವರಿಗೆ ಎಡೆ ಇಡುವಾಗ, ಅವನು ತಂದೆ ತಾಯಿಯ ಫೋಟೊ ತಂದಿಟ್ಟ, ಸತ್ತುಹೋದ ಗೆಳೆಯನೊಬ್ಬನ ಟೋಪಿ ತಂದಿಟ್ಟ, ಹೆಂಡತಿಯದು ಏನೂ ಇಡಲಿಲ್ಲ. ಬೆಲೆನ್ ಚೆಂಡುಹೂವು ಬಿಡಿಸುತ್ತಾ ಕೂತಿದ್ದವಳು ಅಡುಗೆಮನೆಗೆ ಬಂದು ಕಿವಿಯಲ್ಲಿ ಹೇಳಿದಳು. "ನಾಯಿ ಸತ್ರೂ ಫೋಟೊ ಇಡ್ತಾರೆ ಕಣೆ. ಎಲ್ಲಿ ಹೂತಿದಾನೆ ಅಂತ ಕೇಳಿದೀಯಾ?" ಕೇಳಿರಲಿಲ್ಲ. ಕೇಳದೇ ಇದ್ದದ್ದಕ್ಕೆ ತನ್ನ ಒಳ್ಳೆಯತನ ಕಾರಣವೆಂದು ಅವಳು ಅಲ್ಲಿಯವರೆಗೆ ನಂಬಿದ್ದಳು. ಆ ಮೇಲೆ ಅದು ಭಯ ಎಂದು ಗೊತ್ತಾಯಿತು.

ಅಂದು ಬೆಳಿಗ್ಗೆ ರಸ್ತೆ ಬದಿಯ ಊಟದ ಮನೆಯ ಒಡತಿ ನಿಕೊಲಾಸಾ, ಎವರಿಸ್ತೊ ಒಳಗೆ ಕಾಲಿಡುತ್ತಲೇ ಕೇಳದೆ ಕಾಫಿ ತಂದಿಟ್ಟಳು. ಲಾರಿಯವರಿಗೆಲ್ಲ ಅವಳು ಅಕ್ಕ ಇದ್ದ ಹಾಗೆ. ಕೈ ತೊಳೆದುಕೊಂಡು ಬರುತ್ತಿದ್ದ ಡೆಲ್ಫಿನಾ, ಬಾಗಿಲಿನ ಪರದೆಯ ಹಿಂದೆ ತನಗೆ ತಿಳಿಯದೆಯೇ ನಿಂತಳು.

"ಏನಾದ್ರೂ ಗೊತ್ತಾಯ್ತಾ?" ನಿಕೊಲಾಸಾ ಕೇಳುತ್ತಿದ್ದಳು.

"ಫೋನ್ ಸಿಗ್ತಿಲ್ಲ."

"ಇವರಿಗೆ ಹೇಳಿದೀಯಾ?"

"ಹೇಳ್ತೀನಿ. ದಾರೀಲಿ ಹೇಳ್ತೀನಿ."

"ದಾರೀಲಿ, ದಾರೀಲಿ. ನಿಮ್ಮಂಥೋರ ಬಾಯಿ ದಾರೀಲೇ ಒಣಗೋಗತ್ತೆ."

ಡೆಲ್ಫಿನಾ ಪರದೆ ಸರಿಸಿ ಒಳಗೆ ಬಂದಳು. ನಿಕೊಲಾಸಾ ಒಣಮಾಂಸ ಕಲಸಿದ ಮೊಟ್ಟೆಯ ತಟ್ಟೆಯನ್ನು ಅವಳ ಮುಂದಿಟ್ಟು, ಬಿಸಿ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟು, ಅವಳ ಭುಜವನ್ನು ಒಂದು ಸಲ ಮೆಲ್ಲಗೆ ಒತ್ತಿದಳು. ಆ ಒತ್ತುವಿಕೆಯಲ್ಲಿ ಕರುಣೆಯಿತ್ತು. ಸಾಯಲಿರುವವರ ಭುಜವನ್ನು ಹೀಗೇ ಒತ್ತುತ್ತಾರೆ, ಅಮ್ಮನಿಗೆ ಡಾಕ್ಟರು ಒತ್ತಿದ ಹಾಗೆ.

ಎವರಿಸ್ತೊ ದುಡ್ಡು ಕೊಡಲು ನಿಂತಾಗ ಅವಳು ಮೊದಲು ಹೋಗಿ ಗಾಡಿಯಲ್ಲಿ ಕೂತಳು. ನೀರಿನ ಬಾಟಲಿ ಸೀಟಿನ ಕೆಳಗೆ ಉರುಳಿಹೋಗಿತ್ತು. ತಡಕಿದ ಕೈಗೆ ಕಾಗದದ ಪೊಟ್ಟಣ ಸಿಕ್ಕಿತು. ಒಳಗೆ ತಿಳಿನೀಲಿ ಬಣ್ಣದ ಹೊಸ ರಾತ್ರಿಯಂಗಿ. ಮೊದಲು ಅವಳ ಮುಖಕ್ಕೆ ರಕ್ತ ನುಗ್ಗಿತು. ಈ ಮನುಷ್ಯ ತನಗಾಗಿ ಗುಟ್ಟಾಗಿ ಕೊಂಡಿದ್ದಾನೆ, ತಾನೋ ಎಂಥ ಪಾಪಿ. ಆಮೇಲೆ ಹೊಲಿಗೆಯವಳ ಕಣ್ಣು ತನ್ನ ಕೆಲಸ ತಾನು ಮಾಡಿತು. ಭುಜದಿಂದ ಭುಜಕ್ಕೆ ತನ್ನದಕ್ಕಿಂತ ನಾಲ್ಕು ಬೆರಳು ಕಡಿಮೆ. ತೋಳು ಹುಡುಗಿಯ ತೋಳು. ಇದು ತನ್ನ ಮೈಗೆ ಹಿಡಿಸುವುದೇ ಇಲ್ಲ. ಯಾರೋ ಸಪೂರ ಮೈಯವಳು. ಅಂಗಿಯನ್ನು ಇದ್ದ ಹಾಗೆಯೇ ಮಡಿಸಿ ಇಡುವಾಗ ಮಡಿಕೆ ಅಂಗಡಿಯವನದಕ್ಕಿಂತ ಅಚ್ಚುಕಟ್ಟಾಗಿ ಬಂತು. ಅದು ಅವಳಿಗೆ ಹೆದರಿಕೆ ಹುಟ್ಟಿಸಿತು.

ದಾರಿ ಕಳ್ಳಿಗಳ ನಡುವೆ ಇಳಿಯಿತು, ಏರಿತು. ಮೇಣದ ಬತ್ತಿಯ ಹಾಗೆ ನೆಟ್ಟಗೆ ಬೆಳೆದು ತುದಿಯಲ್ಲಿ ಮನಸ್ಸು ಬದಲಾಯಿಸಿ ಸೊಟ್ಟಗಾದ ಸಿರಿಯೊ ಗಿಡಗಳು ಸಾಲುಸಾಲಾಗಿ ಹಿಂದೆ ಸರಿದವು. ತಿರುವುಗಳಲ್ಲಿ ಸತ್ತವರ ಶಿಲುಬೆಗಳು, ಪ್ಲಾಸ್ಟಿಕ್ ಹೂವು, ಒಂದು ಕಡೆ ಸ್ಟೀರಿಂಗ್ ಚಕ್ರ. ಲಾರಿಯವರೆಲ್ಲ ಮಾಡುವಂತೆ ಎವರಿಸ್ತೊ ಕೆಲವು ಶಿಲುಬೆಗಳ ಮುಂದೆ ಹಾರ್ನ್ ಒತ್ತುತ್ತಿದ್ದ. ಅವಳು ಪ್ರತಿ ಶಿಲುಬೆಯ ಮೇಲೂ ಹೆಂಗಸಿನ ಹೆಸರಿದೆಯೇ ಎಂದು ಓದಲು ನೋಡುತ್ತಿದ್ದಳು. ಓದುವಷ್ಟರಲ್ಲಿ ದಾಟಿಹೋಗುತ್ತಿತ್ತು.

"ಹಿಂದೆ ಸನಿಕೆ ಯಾಕೆ ಇಟ್ಟಿದೀರಿ?" ಎಂದು ಕೇಳಿದಳು.

"ಮರಳಲ್ಲಿ ಚಕ್ರ ಹೂತುಹೋದ್ರೆ? ಈ ಕಡೆ ಸನಿಕೆ ಇಲ್ದೆ ಯಾರು ಬರ್ತಾರೆ?"

"ಸುಮ್ನೆ ಕೇಳ್ದೆ."

ಅವನು ಅವಳ ಕಡೆ ತಿರುಗಿ ನೋಡಿದ. ಏನೋ ಹೇಳಲು ಬಾಯಿ ತೆರೆದ. ಎದುರಿಗೆ ದೊಡ್ಡ ಲಾರಿ ಬಂತು. ಅಂಚಿಲ್ಲದ ಕಿರಿದಾದ ರಸ್ತೆಯಲ್ಲಿ ಎರಡೂ ಗಾಡಿಗಳು ಕನ್ನಡಿ ತಾಗುವಷ್ಟು ಹತ್ತಿರದಲ್ಲಿ ಹಾದುಹೋದವು. ಲಾರಿ ಹೋದ ಮೇಲೆ ಅವನ ಬಾಯಿ ಮುಚ್ಚಿತ್ತು.

ಗೆರೆರೊ ನೆಗ್ರೊ ದಾಟಿ, ಬಯಲು ಚಪ್ಪಟೆಯಾಗಿ, ಬಿಸಿಲು ನೀರಿನ ಹಾಗೆ ರಸ್ತೆಯ ಮೇಲೆ ನಿಂತಿದ್ದ ಹೊತ್ತಿಗೆ ತಪಾಸಣೆಯ ಠಾಣೆ ಬಂತು. ಮರಳು ಮೂಟೆಗಳು, ಮೇಲೆ ಕಟ್ಟಿದ ಬಲೆಯ ನೆರಳು, ಸಿಪಾಯಿಗಳು. ದಿನಾ ಸಾವಿರ ಗಾಡಿ ನಿಲ್ಲಿಸುವವರು. ಎಲ್ಲಿಂದ, ಎಲ್ಲಿಗೆ, ಇಳಿಯಿರಿ, ಹೋಗಿ. ಒಬ್ಬ ಸಿಪಾಯಿ ಸೀಟಿನ ಕೆಳಗಿಂದ ಪೊಟ್ಟಣ ತೆಗೆದು ಬಿಚ್ಚಿದ. ನೀಲಿ ಅಂಗಿ ಅವನ ಕೈಯಲ್ಲಿ ಗಾಳಿಗೆ ಉಬ್ಬಿ ನಿಂತಿತು.

"ಇದು ನಿಮ್ದಾ ಅಮ್ಮಾ?" ಎಂದು ಸುಮ್ಮನೆ, ಮಾತಿಗೆ ಕೇಳಿದ.

ಹೌದು ಅಂದಿದ್ದರೆ ಮುಗಿಯುತ್ತಿತ್ತು. "ನಂದಲ್ಲ" ಅಂದಳು ಡೆಲ್ಫಿನಾ.

ಸಿಪಾಯಿ ಎವರಿಸ್ತೊನ ಕಡೆ ನೋಡಿದ. "ಮತ್ತೆ ಯಾರ್ದು?"

"ಕಾಯಿಲೆಯವರೊಬ್ಬರಿಗೆ" ಎಂದು ಎವರಿಸ್ತೊ ಹೇಳಿದ. ಯಾರು ಎಂದು ಕೇಳಿದಾಗ ಹೆಂಡತಿಯ ಮುಖ ನೋಡಿ, ಕೈಯಲ್ಲಿದ್ದ ಟೋಪಿ ನೋಡಿ, ಸುಮ್ಮನೆ ನಿಂತ. ಆ ಮೌನ ಅವಳಿಗೆ ಗೊತ್ತಿತ್ತು. ಅಳತೆ ಟೇಪಿನ ಮುಂದೆ ನಿಂತಿದ್ದ ಮೌನವೇ ಅದು.

ಬಲೆಯ ನೆರಳಿನಿಂದ ಅಧಿಕಾರಿ ಎದ್ದು ಬಂದಳು. ಹೆಂಗಸು, ಮೂವತ್ತರ ಆಚೀಚೆ, ಬಿಗಿದು ಕಟ್ಟಿದ ತುರುಬು. ಅವಳು ಡೆಲ್ಫಿನಾಳನ್ನು ಒಂದು ಕಡೆ ಕರೆದುಕೊಂಡು ಹೋಗಿ ಮಡಿಸುವ ಕುರ್ಚಿ ಹಾಕಿಸಿ, ತಣ್ಣನೆಯ ನೀರು ಕೊಟ್ಟಳು. "ಸುಧಾರಿಸ್ಕೊಳ್ಳಿ. ಭಯ ಏನಿಲ್ಲ. ಇವರು ನಿಮ್ಮ ಯಜಮಾನ್ರಾ?"

"ಹೌದು. ವರ್ಷ ಆಗಿಲ್ಲ ಇನ್ನೂ."

"ಎಲ್ಲಿಗೆ ಹೊರಟಿದೀರಿ?"

"ಮುಲೆಹೆ ಕಡೆ ಅಂದ್ರು. ಸಮುದ್ರದ ದಂಡೆ ಮೇಲೆ ಗುಡಾರ ಹಾಕೋಣ ಅಂದ್ರು. ಎಲ್ಲೂ ನಿಲ್ಲಿಸ್ತಾನೇ ಇಲ್ಲ."

"ನಿಮಗೆ ಏನಾದ್ರೂ ಅನುಮಾನ ಇದೆಯಾ?"

ಇಷ್ಟು ದಿನ ಯಾರೂ ಕೇಳದ ಪ್ರಶ್ನೆ. ಕೇಳಿದವಳ ದನಿ ಮೆತ್ತಗಿತ್ತು, ಕಣ್ಣು ಅವಳ ಮುಖ ಬಿಟ್ಟು ಎಲ್ಲೂ ಅಲುಗಲಿಲ್ಲ. ಡೆಲ್ಫಿನಾಳಿಗೆ ಅಳು ಬರುವಂತಾಯಿತು, ಅದರ ಜೊತೆಗೆ ಒಂದು ಸುಖ. ತನ್ನ ಮಾತಿಗೆ ತೂಕವಿದೆ, ಸಮವಸ್ತ್ರದವಳು ಕಾಯುತ್ತಿದ್ದಾಳೆ. ತಾನು ಸುಳ್ಳು ಹೇಳುತ್ತಿಲ್ಲ ಎಂದು ಮೊದಲೇ ತನಗೆ ತಾನೇ ಸಮಾಧಾನ ಮಾಡಿಕೊಂಡು ಹೇಳಿದಳು. "ಅವರ ಮೊದಲ್ನೇ ಹೆಂಡತಿ ಹೋದ್ಲು ಅಂತಾರೆ. ಹೇಗೆ ಹೋದ್ಲೋ, ಎಲ್ಲಿ ಹೂತಿದಾರೋ, ನನಗೆ ಇವತ್ತಿನವರೆಗೂ ಗೊತ್ತಿಲ್ಲ."

ಅಧಿಕಾರಿ ತಲೆಯಾಡಿಸಿ ಎದ್ದುಹೋದಳು. ಮುಂದಿನದ್ದನ್ನೆಲ್ಲ ಡೆಲ್ಫಿನಾ ಕುರ್ಚಿಯಲ್ಲಿ ಕೂತೇ ನೋಡಬೇಕಾಯಿತು. ನಿನ್ನೆ ಅವಳು ಮಲಗಿದ್ದ ಹಾಸಿಗೆಯನ್ನು ಮಣ್ಣಿನ ಮೇಲೆ ಬಿಚ್ಚಿ ಹಾಸಿದರು. ಪಾತ್ರೆ, ಒಲೆ, ಅಕ್ಕಿ, ಅವಳ ಒಳಬಟ್ಟೆಯ ಚೀಲ. ಸನಿಕೆಯ ಅಲಗನ್ನು ಒಬ್ಬ ಬೆರಳಿನಿಂದ ಕೆರೆದು ಮೂಸಿ ನೋಡಿದ. ಎವರಿಸ್ತೊನನ್ನು ಬಿಸಿಲಿನಲ್ಲಿ ಬೂಟು ಬಿಚ್ಚಿಸಿ ನಿಲ್ಲಿಸಿದ್ದರು. ಅವನ ಕಾಲುಚೀಲದ ಹೆಬ್ಬೆರಳಿನ ಬಳಿ ತೂತಿತ್ತು. ಹೊಲಿಗೆಯವಳ ಗಂಡನ ಕಾಲುಚೀಲ. ಅವನು ಒಂದು ಕಾಲನ್ನು ಇನ್ನೊಂದರ ಮೇಲಿಟ್ಟು ಆ ತೂತನ್ನು ಮುಚ್ಚಿಕೊಳ್ಳಲು ನೋಡುತ್ತಿದ್ದ. ಸಾಲಿನಲ್ಲಿ ನಿಂತ ಬಸ್ಸಿನ ಕಿಟಕಿಗಳಿಂದ ಜನ ಬಗ್ಗಿ ನೋಡಿದರು. "ನನಗೆ ಸಂಜೆಯೊಳಗೆ ಮುಟ್ಬೇಕು, ದಯವಿಟ್ಟು" ಎಂದು ಅವನು ಹೇಳುತ್ತಿದ್ದದ್ದು ಅವಳಿಗೆ ಕೇಳಿಸಿತು. ಯಾಕೆ ಎಂದು ಅವರು ಕೇಳಿದಾಗ ಅವನು ಮತ್ತೆ ಅವಳು ಕೂತ ಕಡೆ ನೋಡಿದ. ಅವಳು ನೀರಿನ ಲೋಟದೊಳಗೆ ನೋಡಿದಳು. ಈಗಲಾದರೂ ಎದ್ದುಹೋಗಿ, ಇಲ್ಲಮ್ಮ, ನಾನು ಮೂರ್ಖಿ, ಇವರು ಒಳ್ಳೆಯವರು ಎನ್ನಬಹುದಿತ್ತು. ಆದರೆ ಒಳ್ಳೆಯವರು ಎಂದು ಅವಳಿಗೆ ಗೊತ್ತಿರಲಿಲ್ಲವಲ್ಲ. ಗೊತ್ತಾಗಲಿ ಎಂದೇ ಅವಳು ಕೂತಿದ್ದಳು, ಸಿನಿಮಾ ಮುಗಿಯುವುದನ್ನು ಕಾಯುವವಳಂತೆ.

ನೆರಳುಗಳು ಉದ್ದವಾದ ಮೇಲೆ ಅಧಿಕಾರಿ ಎಲ್ಲೆಲ್ಲಿಗೋ ಫೋನು ಮಾಡಿ ವಿಚಾರಿಸಿ ಹೊರಗೆ ಬಂದಳು. ಎವರಿಸ್ತೊನ ಹತ್ತಿರ ಹೋಗಿ ಏನೋ ಹೇಳಿ, ಅವನ ಗುರುತಿನ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಕೊಟ್ಟಳು. ಸಿಪಾಯಿಗಳೇ ಹಾಸಿಗೆ ಸುತ್ತಿಕೊಟ್ಟರು. ಡೆಲ್ಫಿನಾ ಎದ್ದು ಬಂದಾಗ ಅಧಿಕಾರಿ ಅವಳ ಮುಖ ನೋಡಲಿಲ್ಲ.

"ಏನು ಗೊತ್ತಾಯ್ತು?"

"ನಿಮ್ಮ ಯಜಮಾನ್ರು ಹೇಳ್ತಾರೆ. ಬೇಗ ಹೊರಡಿ."

ಅವನು ಹೇಳಲಿಲ್ಲ. ಓಡಿಸಿದ. ಮುಂದಿನ ಗಾಜಿನಲ್ಲಿ ಮೂರು ಜ್ವಾಲಾಮುಖಿ ಗುಡ್ಡಗಳು ಕೆಂಪಾಗಿ, ಕಂದಾಗಿ, ಬೂದಿಯಾದವು. ಅವನ ಕೊರಳಿನಲ್ಲಿ ಬಿಸಿಲಿನ ಬೊಕ್ಕೆ ಎದ್ದಿತ್ತು. ನೀರು ಬೇಕಾ ಎಂದು ಅವಳು ಕೇಳಿದಳು. ಬೇಡ ಅಂದ. ಸಾನ್ ಇಗ್ನಾಸಿಯೊದ ಖರ್ಜೂರದ ತೋಪು ಮುಟ್ಟುವಾಗ ಬೆಳಕು ಮುಗಿಯುತ್ತಿತ್ತು. ಅಲ್ಲಿಂದಾಚೆ ಕಡಿದಾದ ಇಳಿಜಾರು, ಕತ್ತಲಾದ ಮೇಲೆ ರಸ್ತೆಯ ಬಿಸಿಗೆ ಬಂದು ಮಲಗುವ ದನಗಳು. ಎಷ್ಟೋ ಶಿಲುಬೆಗಳು ಆ ದನಗಳಿಂದಲೇ ಎದ್ದವು ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ರಾತ್ರಿ ಅಲ್ಲೇ ಉಳಿಯಲೆಂದು ಗಾಡಿ ನಿಲ್ಲಿಸಿ ಅವನು ಇಳಿದ ಕೂಡಲೇ ಫೋನು ಸಿಕ್ಕಿತು. ಈ ಸಲ ಅವಳಿಂದ ದೂರ ಹೋಗಲಿಲ್ಲ. "ನಾನು, ಎವರಿಸ್ತೊ. ಇಗ್ನಾಸಿಯೊದಲ್ಲಿದೀನಿ... ಅವಳಿಗೆ ನಿದ್ದೆ ಬಂದಿದೆಯಾ? ಹಾಗಾದ್ರೆ ಎಬ್ಬಿಸ್ಬೇಡಿ. ಬೆಳಿಗ್ಗೆ ಬಂದ್ಬಿಡ್ತೀನಿ ಅಂತ ಹೇಳಿ."

ಹಳ್ಳದ ಪಕ್ಕದಲ್ಲಿ ಒಲೆ ಹಚ್ಚಿ, ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು, ಬೆಂಕಿಗೆ ಹೇಳುವವನ ಹಾಗೆ ಹೇಳಿದ. "ಒಬ್ದುಲಿಯಾ ಅಂತ ಅವಳ ಹೆಸರು. ಬದುಕಿದಾಳೆ. ಸದಾ ಲಾರೀಲೇ ಇರೋ ಗಂಡ ಇದ್ರೆಷ್ಟು ಬಿಟ್ರೆಷ್ಟು ಅಂತ ನನ್ನ ಬಿಟ್ಟು ಮುಲೆಹೆಗೆ, ಅಕ್ಕನ ಮನೆಗೆ ಹೋದ್ಲು. ಕೋರ್ಟಲ್ಲಿ ಡೈವೋರ್ಸೂ ಆಯ್ತು. ಹೋದ್ಲು ಅಂದೆ ನಿನಗೆ. ಸತ್ಲು ಅನ್ನಲಿಲ್ಲ."

"ನಾನು ದೇವರು ಶಾಂತಿ ಕೊಡಲಿ ಅಂದಾಗ ಸುಮ್ನಿದ್ರಲ್ಲ."

"ನೀನು ಅಷ್ಟು ಮರುಗಿದೆ. ನನಗೋಸ್ಕರ ಯಾರಾದ್ರೂ ಮರುಗಿ ಎಷ್ಟೋ ಕಾಲ ಆಗಿತ್ತು. ತಿದ್ದಕ್ಕೆ ಬಾಯಿ ಬರಲಿಲ್ಲ. ಸತ್ತವಳು ಅಂತ ಆದ್ರೆ ನಾನು ಪಾಪದವನು, ಬಿಟ್ಟುಹೋದ್ಲು ಅಂತ ಆದ್ರೆ ನಾನೇನು?" ಕಡ್ಡಿಯಿಂದ ಕೆಂಡ ಕೆದಕಿದ. "ಈಗ ಹೊಟ್ಟೇಲಿ ಕಾಯಿಲೆ. ಕೊನೇ ಹಂತ ಅಂತೆ. ನನ್ನ ಹತ್ರ ಏನೋ ಹೇಳೋದಿದೆಯಂತೆ. ಫೋನಲ್ಲಿ ಹೇಳಲ್ಲ, ಎದುರಿಗೇ ಹೇಳ್ತೀನಿ ಅಂದ್ಲಂತೆ. ಒಬ್ನೇ ಹೋಗಕ್ಕೆ ಧೈರ್ಯ ಬರಲಿಲ್ಲ. ಅದಕ್ಕೆ ಗುಡಾರ, ಸಮುದ್ರ ಅಂತೆಲ್ಲ ನಿನ್ನ ಹೊರಡಿಸ್ದೆ."

ಆ ನೀಲಿ ಅಂಗಿಗೆ ಕೊರಳಿನಿಂದ ಪಾದದವರೆಗೆ ಮುಂಭಾಗದಲ್ಲಿ ಗುಂಡಿಗಳಿದ್ದವು. ಕೈ ಎತ್ತಲಾಗದವರಿಗೆ, ಮಲಗಿಸಿಯೇ ತೊಡಿಸುವವರಿಗೆ ಹೊಲಿಯುವ ಅಂಗಿ. ಅಮ್ಮನಿಗೆ ಅಂಥವನ್ನು ಅವಳೇ ಎಷ್ಟು ಹೊಲಿದಿಲ್ಲ. ಭುಜ ಅಳೆದಳು, ತೋಳು ಅಳೆದಳು, ಗುಂಡಿಗಳು ಕಣ್ಣಿಗೆ ಬಿದ್ದರೂ ಅವುಗಳ ಅರ್ಥ ಮಾತ್ರ ಹೊಳೆದಿರಲಿಲ್ಲ. ಅವನು ಈಗ ಕೇಳುತ್ತಾನೆ, ಠಾಣೆಯವರಿಗೆ ನೀನು ಏನು ಹೇಳಿದೆ ಎಂದು. ಉತ್ತರವನ್ನು ಅವಳು ಬಾಯಲ್ಲಿ ಸಿದ್ಧಮಾಡಿಕೊಂಡಳು, ಬದಲಾಯಿಸಿದಳು, ಮತ್ತೆ ಸಿದ್ಧಮಾಡಿಕೊಂಡಳು. ಅವನು ಕೇಳಲಿಲ್ಲ. "ಮಲಗು, ಬೇಗ ಹೊರಡ್ಬೇಕು" ಅಂದ. ಗುಡಾರದಲ್ಲಿ ಅವನ ಉಸಿರಾಟ ನಿದ್ದೆಯದೋ ನಟನೆಯದೋ ಎಂದು ಕಿವಿಗೊಟ್ಟು ಮಲಗಿದಳು.

ಬೆಳಿಗ್ಗೆ ಮುಲೆಹೆಯಲ್ಲಿ ನದಿಯ ಪಕ್ಕದ ಓಣಿಗೆ ತಿರುಗುತ್ತಲೇ ಗೊತ್ತಾಯಿತು. ಮನೆಯ ಮುಂದೆ ಬೀದಿಯಲ್ಲಿ ಕುರ್ಚಿಗಳು, ಟೋಪಿ ತೆಗೆದ ಗಂಡಸರು, ದೊಡ್ಡ ಪಾತ್ರೆಯಲ್ಲಿ ಕಾಫಿ. ಎವರಿಸ್ತೊ ಇಂಜಿನ್ ಆರಿಸಿ, ಇಳಿಯದೆ, ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತ. ಒಬ್ದುಲಿಯಾಳ ಅಕ್ಕ ಎಲೋಯಿಸಾ, ಬೆಳ್ಳಗೆ ನೆರೆತ ದಪ್ಪ ಹೆಂಗಸು, ಕಿಟಕಿಯ ಹತ್ತಿರ ಬಂದಳು.

"ಈಗ ಬೆಳಕು ಹರಿಯೋ ಹೊತ್ತಿಗೆ ಕಣಪ್ಪ. ನಿನ್ನೆ ಕತ್ತಲಾಗೋವರೆಗೂ ಚೆನ್ನಾಗಿ ಎಚ್ಚರ ಇತ್ತು. ಪ್ರತಿ ಗಾಡಿ ಸದ್ದಿಗೂ ಬಂದ್ನಾ, ಬಂದ್ನಾ ಅಂತ ಕೇಳಿದ್ಲು. ತಲೆ ಬಾಚಿಸ್ಕೊಂಡ್ಲು."

"ಏನು ಹೇಳ್ಬೇಕು ಅಂತಿದ್ಲು?"

"ನಮಗೂ ಬಾಯಿ ಬಿಡ್ಲಿಲ್ಲ. ಅವನಿಗೇ ಹೇಳ್ತೀನಿ ಅಂದ್ಲು."

ಅವನು ಒಳಗೆ ಹೋದ. ಎಲೋಯಿಸಾ ಡೆಲ್ಫಿನಾಳ ಬಾಗಿಲು ತೆರೆದು, ಅವಳನ್ನು ಇಳಿಸಿಕೊಂಡು, ಎದೆಗೆ ಅಪ್ಪಿಕೊಂಡುಬಿಟ್ಟಳು. "ನೀವು ಬಂದ್ರಲ್ಲ ತಾಯಿ. ಗಂಡನ್ನ ಮೊದಲ್ನೇ ಹೆಂಡತಿ ಹತ್ರ ಕರ್ಕೊಂಡು ಬರೋ ಹೆಂಗಸು ಎಲ್ಲಿದಾಳೆ? ನಾನಾಗಿದ್ರೆ ಬಿಡ್ತಿರಲಿಲ್ಲ." ಒಬ್ಬೊಬ್ಬರಾಗಿ ಹೆಂಗಸರು ಬಂದು ಅವಳ ಕೈ ಹಿಡಿದರು. ಒಬ್ಬಳು ಕೈಗೆ ಮುತ್ತನ್ನೂ ಇಟ್ಟಳು. ಡೆಲ್ಫಿನಾ ಕೈ ಕೊಟ್ಟಳು. ಒಳಗೆ, ಮೇಣದ ಬತ್ತಿಗಳ ನಡುವೆ, ತಲೆ ಬಾಚಿಕೊಂಡು ಕಾದಿದ್ದವಳು ಮಲಗಿದ್ದಳು. ಮುಖ ಬೆಳಗಿನ ಬೆಳಕಿನಲ್ಲಿ ಏನೋ ನೆನಪಿಗೆ ಬಂದು ಹೇಳಲು ಹೊರಟವರ ಹಾಗಿತ್ತು. ಎವರಿಸ್ತೊ ಅವಳ ಪಕ್ಕದಲ್ಲಿ ನಿಂತು ಬಗ್ಗಿ, ಕಿವಿಯನ್ನು ಅವಳ ಬಾಯಿಯ ಹತ್ತಿರ ತಂದು, ಸ್ವಲ್ಪ ಹೊತ್ತು ಹಾಗೇ ಇದ್ದ. ಡೆಲ್ಫಿನಾ ಹೊಸ್ತಿಲಿನಿಂದ ಹಿಂದಕ್ಕೆ ಸರಿದಳು.

ಅಂಗಳದ ನೆರಳಿನಲ್ಲಿ ಅವರಿಬ್ಬರನ್ನೂ ಅಕ್ಕಪಕ್ಕ ಕೂರಿಸಿ ಕಾಫಿ ಕೊಟ್ಟರು. ಎದುರಿಗೆ ಕಾಸ್ತುಲೊ, ಸತ್ತವಳ ಅಣ್ಣ; ಮೀನಿನ ದೋಣಿಯಲ್ಲೇ ಮುದುಕನಾದವನು, ಒಣಗಿದ ಮೈ, ಸಣ್ಣ ಕಣ್ಣು. ತಂಗಿಯನ್ನು ಎವರಿಸ್ತೊ ಸರಿಯಾಗಿ ನೋಡಿಕೊಳ್ಳಲಿಲ್ಲ ಎಂಬ ಸಿಟ್ಟು ಇವತ್ತಿಗೂ ಆರದವನು.

"ನಿನ್ನೆ ಸಾಯಂಕಾಲ ಬರ್ತೀನಿ ಅಂದಿದ್ಯಂತೆ" ಎಂದ.

ಡೆಲ್ಫಿನಾ ಬಟ್ಟಲನ್ನು ಬೆಂಚಿನ ಮೇಲಿಟ್ಟಳು. ಈಗ ಬಂತು. ಎಲ್ಲರ ಮುಂದೆ, ಕೈಗೆ ಮುತ್ತಿಟ್ಟವಳ ಮುಂದೆ.

"ಟೈರು ಹೋಯ್ತು" ಅಂದ ಎವರಿಸ್ತೊ. "ವಿಸ್ಕಾಯಿನೊ ಬಯಲಲ್ಲಿ. ಸ್ಟೆಪ್ನಿನೂ ಕೈಕೊಡ್ತು. ಪಂಕ್ಚರ್ ಹಾಕೋನು ಊಟಕ್ಕೆ ಹೋಗಿದ್ದ, ಬರೋ ಹೊತ್ತಿಗೆ ಬಿಸಿಲಿಳೀತು." ಅವನು ಅವಸರವಿಲ್ಲದೆ, ದಾರಿಯ ಕಥೆ ಹೇಳುವ ಎಲ್ಲ ಲಾರಿಯವರಂತೆ ಹೇಳಿದ. ಅವಳ ಕಡೆ ನೋಡಲಿಲ್ಲ. ಹಾಗಾದರೆ ಅವನಿಗೆ ಗೊತ್ತು. ಆ ಅಧಿಕಾರಿ ಹೇಳಿದ್ದಾಳೆ, ನಿಮ್ಮ ಹೆಂಡತಿ ಹೀಗೆ ಹೇಳಿದರು ಎಂದು. ಗೊತ್ತಿದ್ದೂ ನಿನ್ನೆ ಬೆಂಕಿಯ ಮುಂದೆ ಕೂತು ಕೇಳಲಿಲ್ಲ, ಗೊತ್ತಿದ್ದೂ ಈಗ ಅವಳ ಮೇಲೆ ಸುಳ್ಳನ್ನು ಕಂಬಳಿಯ ಹಾಗೆ ಹೊದಿಸುತ್ತಿದ್ದಾನೆ. ಪ್ರೀತಿಯಿಂದಲೋ, ಇಲ್ಲ, ಇದನ್ನು ತನ್ನ ಬಳಿಯೇ ಇಟ್ಟುಕೊಂಡು ಮುಂದೆಂದಾದರೂ ತೆಗೆಯಲಿಕ್ಕೋ? ಇನ್ನುಮೇಲೆ ಅವನ ಪ್ರತಿಯೊಂದು ಒಳ್ಳೆಯ ಮಾತನ್ನೂ ಅವಳು ಹೀಗೇ ಬಿಚ್ಚಿ ನೋಡಬೇಕೋ?

"ಯಾವ ಟೈರು?" ಕಾಸ್ತುಲೊ ಅವಳನ್ನು ಕೇಳಿದ.

ಸುಳ್ಳಿಗೆ ತನ್ನದೂ ಒಂದು ಹೆಗಲು ಕೊಡಬೇಕೆನಿಸಿತು. "ಹಿಂದಿನ ಎಡಗಡೇದು" ಅಂದಳು. ಅದೇ ಉಸಿರಿನಲ್ಲಿ ಎವರಿಸ್ತೊ "ಮುಂದಿನ್ದು" ಅಂದಿದ್ದ.

ಯಾರೋ ಒಬ್ಬರು ಕೆಮ್ಮಿದರು. ಎಲೋಯಿಸಾ ಕಾಫಿ ಪಾತ್ರೆಯ ಮುಚ್ಚಳವನ್ನು ಕೈಯಲ್ಲೇ ಹಿಡಿದು ನಿಂತಳು.

"ಎರಡೂ ಹೋಯ್ತು" ಎಂದು ಎವರಿಸ್ತೊ ಹೇಳಿದ.

"ಎರಡೂನಾ" ಅಂದ ಕಾಸ್ತುಲೊ. ಬಟ್ಟಲನ್ನು ನೆಲದ ಮೇಲಿಟ್ಟ. ಮೊಣಕಾಲಿಗೆ ಕೈ ಊರಿ ಎದ್ದ. ಅಂಗಳ ದಾಟಿ, ಬೇಲಿಯ ಬಾಗಿಲು ತೆಗೆದು, ಬೀದಿಯಲ್ಲಿ ನಿಂತಿದ್ದ ಗಾಡಿಯ ಹತ್ತಿರ ಹೋದ. ಹಿಂದಿನ ಎಡಗಡೆಯ ಚಕ್ರದ ಮುಂದೆ ಕೂತು, ಮೀನು ಹಸಿಯೋ ಹಳಸಲೋ ಎಂದು ನೋಡುವವನ ಹಾಗೆ ಹೆಬ್ಬೆರಳಿನಿಂದ ಟೈರನ್ನು ಸುತ್ತಲೂ ಸವರತೊಡಗಿದ. ಆಮೇಲೆ ಎದ್ದು ಮುಂದಿನದಕ್ಕೆ ಹೋದ. ಡೆಲ್ಫಿನಾ ಬೆಂಚಿನ ಮೇಲೆ ತನ್ನ ಕೈಯನ್ನು ಗಂಡನ ಕೈಯ ಮೇಲಿಟ್ಟಳು. ಎವರಿಸ್ತೊ ಕೈಯನ್ನು ಎಳೆದುಕೊಳ್ಳಲಿಲ್ಲ. ಹಿಡಿದುಕೊಳ್ಳಲೂ ಇಲ್ಲ.